ಫೋಟೋದಲ್ಲಿ ವೆರಿ ಫೈನ್, ಕೈಗೆ ಬಂದಾಗ ಸವಕಲು: ತಾಮ್ರದ ಕಾಲಾಣೆಯ ಗ್ರೇಡ್ ಎಲ್ಲಿ ತಪ್ಪುತ್ತದೆ?

"ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿತು, ಯಾವ ಗ್ರೇಡ್ ಬರಬಹುದು ನೋಡಿ ಹೇಳಿ" ಎಂಬ ಸಂದೇಶ, ಅದರ ಕೆಳಗೆ ಎರಡು ಫೋಟೋ. ಒಂದರಲ್ಲಿ ಕಿರೀಟ ತೊಟ್ಟ ವಿಕ್ಟೋರಿಯಾ ರಾಣಿ, ಇನ್ನೊಂದರಲ್ಲಿ ಕಾಲಾಣೆ ಎಂಬ ಇಂಗ್ಲಿಷ್ ಬರಹ ಮತ್ತು 1862 ಎಂಬ ಇಸವಿ. ನಾಣ್ಯ ಸಂಗ್ರಹದ ಹುಚ್ಚು ಹತ್ತಿದವರಿಗೆಲ್ಲ ಇಂಥ ಸಂದೇಶ ಬರುತ್ತಲೇ ಇರುತ್ತದೆ. ಗ್ರೇಡ್ ಎಂದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಹೇಳುವ ಮೆಟ್ಟಿಲು. ನೋಡಿದ ಕೂಡಲೇ "ವೆರಿ ಫೈನ್" ಎಂದು ಬರೆದುಬಿಡುತ್ತೇವೆ. ಅದೇ ನಾಣ್ಯ ಕೈಗೆ ಬಂದಾಗ ಎರಡು ಮೆಟ್ಟಿಲು ಕೆಳಗಿಳಿದಿರುತ್ತದೆ. ಅಪರೂಪಕ್ಕೆ ಮೇಲೂ ಏರುತ್ತದೆ.

ನನಗೂ ಹಾಗೆ ಆಗಿದೆ. ಬರೀ ಫೋಟೋ ನಂಬಿ ಕಂಪನಿ ಕಾಲದ 1835ರ ಕಾಲಾಣೆಯೊಂದನ್ನು ತರಿಸಿಕೊಂಡಿದ್ದೆ. ಫೋಟೋದಲ್ಲಿ ಲಾಂಛನದ ಎರಡು ಬದಿಯ ಸಿಂಹಗಳು ಅಷ್ಟು ಸ್ಪಷ್ಟವಾಗಿದ್ದವು. ಲಕೋಟೆ ಒಡೆದು, ನಾಣ್ಯವನ್ನು ಕಿಟಕಿಯ ಬಳಿ ಹಿಡಿದು ಮೆಲ್ಲಗೆ ವಾಲಿಸಿದೆ. ಇಡೀ ಮೈಮೇಲೆ ಎಡದಿಂದ ಬಲಕ್ಕೆ ಕೂದಲೆಳೆಯಂಥ ಗೀರುಗಳು ಎದ್ದುಬಂದವು. ಯಾವಾಗಲೋ ಯಾರೋ ತಂತಿ ಬ್ರಷ್ ಹಾಕಿ ಉಜ್ಜಿದ್ದರು. ಮಾರಿದವರು ಸುಳ್ಳು ಹೇಳಿರಲಿಲ್ಲ. ಬೆಳಕು ನೇರ ಮೇಲಿನಿಂದ ಬಿದ್ದಿದ್ದರಿಂದ ಗೀರು ಫೋಟೋಗೆ ಸಿಕ್ಕಿರಲೇ ಇಲ್ಲ.

ಅಂದಿನಿಂದ ನಾನು ಮಾಡಿಕೊಂಡ ನಿಯಮ ಇದು: ಫೋಟೋದಲ್ಲಿ ಕಾಣುವ ಪ್ರತಿ ಕೊರತೆಗೂ ನಾಲ್ಕು ಕಾರಣ ಇರಬಹುದು. ಫೋಟೋದ ದೋಷ, ಟಂಕಸಾಲೆಯಲ್ಲೇ ಆದ ದೋಷ, ಚಲಾವಣೆಯ ಸವೆತ, ಆಮೇಲೆ ಆದ ಹಾನಿ. ಇವುಗಳಲ್ಲಿ ಗ್ರೇಡ್ ಇಳಿಸುವ ಕ್ರಮ ಒಂದೊಂದಕ್ಕೆ ಒಂದೊಂದು ಥರ. ಯಾವುದೆಂದು ಬಿಡಿಸಿಕೊಳ್ಳದೆ ಗ್ರೇಡ್ ಹೇಳಬಾರದು.

ಪರೀಕ್ಷೆಗೆ ಮುಂಚೆ ಮೆಟ್ಟಿಲುಗಳ ಹೆಸರು ಗೊತ್ತಿರಲಿ. ಕೆಳಗಿನಿಂದ ಮೇಲಕ್ಕೆ: ಗುಡ್, ವೆರಿ ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಎಬೌಟ್ ಅನ್‌ಸರ್ಕ್ಯುಲೇಟೆಡ್, ಕೊನೆಗೆ ಚಲಾವಣೆಯನ್ನೇ ಕಾಣದ ಅನ್‌ಸರ್ಕ್ಯುಲೇಟೆಡ್. ಹೊಸಬರು ಮೋಸಹೋಗುವುದು ಮೊದಲ ಹೆಸರಿನಲ್ಲೇ. "ಗುಡ್" ಎಂದರೆ ಚೆನ್ನಾಗಿದೆ ಎಂದಲ್ಲ. ರಾಣಿಯ ಮುಖ ಬರೀ ನೆರಳಿನಂತೆ ಉಳಿದು, ಇಸವಿ ಹೇಗೋ ಓದಲು ಬರುವ ಸವಕಲು ನಾಣ್ಯಕ್ಕೆ ಆ ಹೆಸರು. ಇದೇ ಮೆಟ್ಟಿಲುಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ. ಇಂದು ಬೇರೆ ಲೋಹದ, ಬೇರೆ ದೇಶಗಳ ನಾಣ್ಯಗಳಿಗೂ ಅದನ್ನು ವ್ಯಾಪಕವಾಗಿ ಬಳಸುತ್ತಾರೆ. ಅದರಲ್ಲಿ ವೆರಿ ಫೈನ್ 20ರಿಂದ ಶುರು, ಎಕ್ಸ್‌ಟ್ರೀಮ್ಲಿ ಫೈನ್ 40ರಿಂದ, ಅನ್‌ಸರ್ಕ್ಯುಲೇಟೆಡ್ 60ರಿಂದ.

ಹಳೆಯ ತಾಮ್ರವನ್ನೇ ಹಿಡಿದು ಕೂತ ಅಮೆರಿಕದ ಸಂಗ್ರಾಹಕರಿಂದ ಕಲಿಯಬೇಕಾದ ಇನ್ನೊಂದು ಅಭ್ಯಾಸವಿದೆ. ಅವರು ಎರಡು ಗ್ರೇಡ್ ಬರೆಯುತ್ತಾರೆ. ಮೊದಲನೆಯದು ನಾಣ್ಯದ ಮೇಲಿನ ಚಿತ್ರ ಎಷ್ಟು ಉಳಿದಿದೆ ಎಂಬುದಕ್ಕೆ. ಎರಡನೆಯದು ಕಿಲುಬು, ಗೀರು, ಉಜ್ಜಿದ ಗುರುತು ಎಲ್ಲವನ್ನೂ ಕಳೆದು ಉಳಿದದ್ದಕ್ಕೆ. ನಾನು ಮೊದಲನೆಯದನ್ನು ಚಿತ್ರದ ಗ್ರೇಡ್ ಎಂದೂ ಎರಡನೆಯದನ್ನು ಉಳಿಕೆ ಗ್ರೇಡ್ ಎಂದೂ ಕರೆಯುತ್ತೇನೆ. ಕೆಳಗೆ ಅದೇ ಮಾತು ಬರುತ್ತದೆ.

ಲಕ್ಷಣ: ಅಕ್ಷರಗಳೆಲ್ಲ ಮೆತ್ತಗೆ, ಮೇಣ ಕರಗಿದಂತೆ ಕಾಣುತ್ತಿವೆ

ಮೊದಲು ನಾಣ್ಯವನ್ನಲ್ಲ, ಫೋಟೋವನ್ನು ಅನುಮಾನಿಸಿ. ಇದಕ್ಕೆ ಕಾಸು ಖರ್ಚಿಲ್ಲ.

ನಾಣ್ಯದ ಕೆಳಗಿರುವ ಬಟ್ಟೆಯ ನೇಯ್ಗೆಯನ್ನೋ ಮರದ ಗೆರೆಯನ್ನೋ ನೋಡಿ. ಬಟ್ಟೆ ಸ್ಪಷ್ಟವಾಗಿದ್ದು ನಾಣ್ಯ ಮಾತ್ರ ಮೆತ್ತಗಿದ್ದರೆ ಕ್ಯಾಮೆರಾದ ಫೋಕಸ್ ನಾಣ್ಯದ ಮೇಲೆ ನಿಂತಿಲ್ಲ. ಎರಡೂ ಮಂಜಾಗಿದ್ದರೆ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಕೂತಿದೆ, ಇಲ್ಲವೇ ಕೈ ಅಲುಗಿದೆ. ಎರಡೂ ಚೆನ್ನಾಗಿದ್ದು ನಾಣ್ಯದ ಖಾಲಿ ಬಯಲು ಮಾತ್ರ ಪ್ಲಾಸ್ಟಿಕ್‌ನಂತೆ ನುಣ್ಣಗಿದ್ದರೆ ಅದು ಫೋನಿನ ಕೆಲಸ. ಕಡಿಮೆ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಏಳುವ ಕಾಳುಕಾಳಾದ ತರಿಯನ್ನು ಅಳಿಸುವಾಗ ಫೋನು ಸಣ್ಣ ಗೀರು, ಚುಕ್ಕೆಗಳನ್ನೂ ಅಳಿಸಿಬಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಬಂದರೆ ಇನ್ನಷ್ಟು ಹೋಗುತ್ತದೆ. ಮೂಲ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇದೊಂದರಿಂದಲೇ ಎಷ್ಟೋ ಸಲ ಅರ್ಧ ತಕರಾರು ಮುಗಿಯುತ್ತದೆ.

ಮತ್ತೆ ತೆಗೆಸುವುದಾದರೆ ಹೀಗೆ ಹೇಳಿ: ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಿ. ಬೆಳಗ್ಗೆ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಬಿಳಿ ಹಾಳೆಯ ಮೇಲೆ ನಾಣ್ಯ ಇಡಿ. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ತರದೆ ಒಂದು ಗೇಣು ಮೇಲೆ ಹಿಡಿದು ಎರಡು ಪಟ್ಟು ಜೂಮ್ ಮಾಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಫ್ಲ್ಯಾಶ್ ಬೇಡವೇ ಬೇಡ.

ಲಕ್ಷಣ: ರಾಣಿಯ ಮುಖ ಉಬ್ಬಿರುವ ಬದಲು ಒಳಗೆ ತಗ್ಗಿದಂತೆ ಕಾಣುತ್ತಿದೆ

ಗಾಬರಿ ಬೇಡ, ಫೋಟೋವನ್ನು ತಲೆಕೆಳಗೆ ಮಾಡಿ ನೋಡಿ. ನಮ್ಮ ಕಣ್ಣು ಬೆಳಕು ಮೇಲಿನಿಂದ ಬರುತ್ತದೆ ಎಂದೇ ನಂಬಿರುತ್ತದೆ. ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ಉಬ್ಬು ತಗ್ಗಾಗಿಯೂ ತಗ್ಗು ಉಬ್ಬಾಗಿಯೂ ಕಾಣುತ್ತದೆ. ತಿರುಗಿಸಿದ ಮೇಲೂ ಬರಹ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿರಬಹುದು.

ಇಲ್ಲಿ ಟಿಪ್ಪು ಸುಲ್ತಾನನ ಪೈಸೆ ಇಟ್ಟುಕೊಂಡವರಿಗೆ ಒಂದು ಮಾತು. ಅವನು ತಾನೇ ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಗೆ ಬದಲಾದ ಮೇಲೆ ನಾಣ್ಯದ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಎಂಬುದು ನಮ್ಮ ಕಣ್ಣಿಗೆ 8121ರಂತೆ ಬೀಳುತ್ತದೆ. ಇದನ್ನು ಕಂಡು ಫೋಟೋ ಉಲ್ಟಾ ಎಂದೋ, ನಾಣ್ಯ ನಕಲಿ ಎಂದೋ ತಳ್ಳಿಹಾಕಿದವರನ್ನು ನೋಡಿದ್ದೇನೆ. ಪಾರಸಿ ಬರಹ ಸರಿಯಾಗಿದ್ದು ಅಂಕಿ ಮಾತ್ರ ಹಿಂದುಮುಂದಾಗಿದ್ದರೆ ಅದು ಇರಬೇಕಾದ ರೀತಿಯೇ.

ಲಕ್ಷಣ: ನೂರಾರು ವರ್ಷದ ನಾಣ್ಯ ಕೆಂಪಗೆ, ಹೊಸ ಚೊಂಬಿನಂತೆ ಹೊಳೆಯುತ್ತಿದೆ

ಫೋಟೋ ಗ್ರೇಡಿಂಗ್‌ನಲ್ಲಿ ಅತಿ ಹೆಚ್ಚು ಜನ ಬೀಳುವ ಹೊಂಡ ಇದು.

ಮೊದಲ ಪರೀಕ್ಷೆ ಬಣ್ಣದ್ದು. ಫೋಟೋದಲ್ಲಿರುವ ಬಿಳಿ ಹಾಳೆಯನ್ನು ನೋಡಿ. ಅದು ಹಳದಿಗೋ ಕೇಸರಿಗೋ ತಿರುಗಿದ್ದರೆ ಬಲ್ಬಿನ ಬೆಳಕು ಕಂದು ನಾಣ್ಯವನ್ನೂ ಕೆಂಪು ಮಾಡಿದೆ. ಹಾಳೆ ಇಲ್ಲದಿದ್ದರೆ ನಾಣ್ಯ ಹಿಡಿದ ಬೆರಳಿನ ಉಗುರು ನೋಡಿ. ಉಗುರೇ ಕಿತ್ತಳೆ ಬಣ್ಣಕ್ಕಿದ್ದರೆ ನಾಣ್ಯದ ಬಣ್ಣವನ್ನು ನಂಬಬೇಡಿ.

ಹಾಳೆ ಬೆಳ್ಳಗೇ ಇದ್ದು ನಾಣ್ಯ ಕೆಂಪಗಿದ್ದರೆ ಎರಡನೇ ಪ್ರಶ್ನೆ: ಇದು ಟಂಕಸಾಲೆಯ ಕೆಂಪೋ, ಹುಣಸೆಹುಳಿಯ ಕೆಂಪೋ?

ನಮ್ಮ ಕಡೆಯ ಹಳೆಯ ತಾಮ್ರದ ನಾಣ್ಯಗಳ ದುರದೃಷ್ಟ ಅವು ದೇವರ ಮನೆಯಲ್ಲಿ ಉಳಿದದ್ದು. ಬೇರೆ ಕಡೆ ಇದ್ದಿದ್ದರೆ ಉಳಿಯುತ್ತಲೂ ಇರಲಿಲ್ಲವೇನೋ, ಅದೂ ನಿಜ. ನಮ್ಮಮ್ಮ ಹಬ್ಬದ ಹಿಂದಿನ ದಿನ ದೀಪದ ಕಂಬ, ಪಂಚಪಾತ್ರೆ, ಉದ್ಧರಣೆಗಳ ಜೊತೆಗೆ ಲಕ್ಷ್ಮಿಯ ಮುಂದಿಡುವ ನಾಲ್ಕಾರು ಕಾಲಾಣೆಗಳನ್ನೂ ಬಚ್ಚಲ ಕಲ್ಲಿನ ಮೇಲೆ ಹರವುತ್ತಿದ್ದರು. ನೆನೆಸಿದ ಹುಣಸೆಹಣ್ಣಿನ ಹಿಪ್ಪೆ, ಚಿಟಿಕೆ ಉಪ್ಪು, ತೆಂಗಿನ ನಾರು. ಎರಡು ತಿಕ್ಕಿಗೆ ಕಪ್ಪು ಹೋಗಿ ಎಳೆಗುಲಾಬಿ ತಾಮ್ರ ಕಾಣುತ್ತಿತ್ತು. ಅಮ್ಮನ ಭಕ್ತಿಗೆ ನಾನು ಎರಡು ಮಾತಾಡುವುದಿಲ್ಲ. ಆದರೆ ಆ ಕಪ್ಪುಕಂದು ಪದರ ಕೊಳೆ ಆಗಿರಲಿಲ್ಲ. ತಾಮ್ರ ಗಾಳಿಯ ಜೊತೆ ಸೇರಿ ತನಗೆ ತಾನೇ ಹೊದೆಸಿಕೊಂಡ ಆಕ್ಸೈಡಿನ ಹೊದಿಕೆ ಅದು. ಹುಳಿ ಅದನ್ನು ಕರಗಿಸಿ ತೆಗೆದರೆ, ನಾರು ಮೈಯನ್ನು ಗೀರುತ್ತದೆ.

ವ್ಯತ್ಯಾಸ ಗುರುತಿಸುವುದು ಹೀಗೆ. ಟಂಕಸಾಲೆಯಲ್ಲಿ ಅಚ್ಚು ಬಿಲ್ಲೆಯನ್ನು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಬೀಳುತ್ತವೆ. ಆ ಗೆರೆಗಳಿಂದ ಮೂಲ ಹೊಳಪು ಹುಟ್ಟುತ್ತದೆ. ನಾಣ್ಯವನ್ನು ವಾಲಿಸಿದರೆ ಡಮರುಗದ ಆಕಾರದ ಬೆಳಕಿನ ಪಟ್ಟಿ ಗಾಲಿಯಂತೆ ಸುತ್ತುತ್ತದೆ. ಹುಳಿ ಹಾಕಿದ ತಾಮ್ರದಲ್ಲಿ ಆ ಗೆರೆಗಳು ಕೊರೆದುಹೋಗಿರುತ್ತವೆ. ಅಲ್ಲಿ ಹೊಳಪು ಸುತ್ತುವುದಿಲ್ಲ, ಇಡೀ ಮೈ ಒಂದೇ ಸಮನೆ ಸಪ್ಪೆ ಗುಲಾಬಿ. ಇದು ಒಂದು ಫೋಟೋದಲ್ಲಿ ಗೊತ್ತಾಗದು. ಹತ್ತು ಸೆಕೆಂಡಿನ ವಿಡಿಯೊ ಕೇಳಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿನಲ್ಲಿ ನಿಧಾನ ವಾಲಿಸಲು ಹೇಳಿ.

ಇನ್ನೊಂದು ಗುರುತು, ಕೆಂಪು ಎಲ್ಲಿ ಉಳಿದಿದೆ ಎಂಬುದು. ನಿಜವಾದ ಹಳೆಯ ಕೆಂಪು ಬೆರಳು ತಾಗದ ಕಡೆ ಉಳಿಯುತ್ತದೆ: ಅಕ್ಷರಗಳ ಸಂದಿಯಲ್ಲಿ, ಕಿರೀಟದ ಒಳಮೂಲೆಯಲ್ಲಿ, ಅಂಚಿನ ಒಳಗೆರೆಯಲ್ಲಿ. ಉಬ್ಬಿದ ಕೆನ್ನೆ, ಕೂದಲು ಕಂದಾಗಿರುತ್ತವೆ. ಉಜ್ಜಿದ ನಾಣ್ಯದಲ್ಲಿ ಇದು ತಿರುಗುಮುರುಗು. ಉಬ್ಬುಗಳು ಕೆಂಪಗೆ, ನಾರು ತಲುಪದ ಸಂದಿಗಳಲ್ಲಿ ಕಪ್ಪು, ಕೆಲವೊಮ್ಮೆ ಒಣಗಿದ ಕುಂಕುಮ. ಕೆನ್ನೆ ಸವೆದಿದೆ, ಆದರೂ ಕೆನ್ನೆಯೇ ಅತಿ ಕೆಂಪಗಿದೆ ಎಂದರೆ ಬೇರೆ ಸಾಕ್ಷಿ ಬೇಕಿಲ್ಲ.

ಉಜ್ಜಿದ್ದು ಖಚಿತವಾದರೆ ಚಿತ್ರದ ಗ್ರೇಡ್ ಹಾಗೇ ಇರಲಿ, ಉಳಿಕೆ ಗ್ರೇಡನ್ನು ಕನಿಷ್ಠ ಒಂದು ಮೆಟ್ಟಿಲು ಇಳಿಸಿ. ಬ್ರಷ್‌ ಗೀರು ಇದ್ದರೆ ಎರಡು.

ಲಕ್ಷಣ: ಕಿವಿಯ ಮೇಲಿನ ಕೂದಲು ಮಟ್ಟಸವಾಗಿದೆ, ಉಳಿದದ್ದೆಲ್ಲ ಚೆನ್ನಾಗಿದೆ

ವಿಕ್ಟೋರಿಯಾ ಕಾಲಾಣೆಯಲ್ಲಿ ಮೊದಲು ಸವೆಯುವುದು ಅತಿ ಎತ್ತರದ ಜಾಗಗಳು. ಕಿವಿಯ ಸುತ್ತಲ ಕೂದಲು, ಕೆನ್ನೆ, ಕಿರೀಟದ ಮೇಲಂಚು, ಎದೆಯ ಮೇಲಿನ ಉಡುಪಿನ ಕುಸುರಿ. ನಾನು ಮೊದಲು ನೋಡುವುದು ಉಡುಪಿನ ಕುಸುರಿಯನ್ನು. ಅದರ ಗೆರೆ ಗೆರೆ ಬಿಡಿಬಿಡಿಯಾಗಿದ್ದು ಕೂದಲ ಎಳೆಗಳೂ ಬಹುಮಟ್ಟಿಗೆ ಉಳಿದಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್ ಹತ್ತಿರ. ಕುಸುರಿ ಮುಕ್ಕಾಲು ಪಾಲು ಇದ್ದು ಕೂದಲು ಗುಂಪುಗುಂಪಾಗಿ ಅಂಟಿಕೊಂಡಂತಿದ್ದರೆ ವೆರಿ ಫೈನ್. ಕುಸುರಿ ಅಲ್ಲಲ್ಲಿ ಮಾತ್ರ ಉಳಿದು ಕೂದಲು ಒಂದೇ ಮುದ್ದೆಯಾಗಿದ್ದರೆ ಫೈನ್. ಉಡುಪು ನುಣುಪಾಗಿ, ಕಿರೀಟದ ಹೊರಗೆರೆ ಮಾತ್ರ ಉಳಿದರೆ ವೆರಿ ಗುಡ್ ಅಥವಾ ಅದಕ್ಕೂ ಕೆಳಗೆ.

ಆದರೆ ಕೂದಲು ಮಟ್ಟಸವಾಗಿದ್ದ ಮಾತ್ರಕ್ಕೆ ಸವೆದಿದೆ ಎನ್ನಲಾಗದು. ಒತ್ತು ಸಾಲದೆ ಲೋಹ ಅಚ್ಚಿನ ಆಳಕ್ಕೆ ತುಂಬದಿದ್ದರೂ ಹಾಗೇ ಕಾಣುತ್ತದೆ. ಅದು ಹುಟ್ಟಿನ ದೋಷ, ಚಲಾವಣೆಯದಲ್ಲ. ಬಿಡಿಸಿಕೊಳ್ಳಲು ಮೂರು ಕಡೆ ಕಣ್ಣಿಡಿ.

ಮೊದಲು ಆ ಮಟ್ಟಸ ಜಾಗದ ಬಣ್ಣ. ಸವೆದ ತಾಮ್ರದ ಬಣ್ಣ ಸುತ್ತಲಿನದಕ್ಕಿಂತ ಬೇರೆಯಾಗಿರುತ್ತದೆ, ಬೆರಳುಗಳು ತಿಕ್ಕಿ ತಿಕ್ಕಿ ಮೈ ನುಣ್ಣಗಾಗಿರುತ್ತದೆ. ಒತ್ತು ಬೀಳದ ಜಾಗದಲ್ಲಿ ಬಣ್ಣ ಸುತ್ತಲಿನಂತೆಯೇ ಇರುತ್ತದೆ, ಮೈ ಸ್ವಲ್ಪ ಒರಟು. ಎರಡನೆಯದು ಹಿಂಬದಿ. ನಾಣ್ಯದ ಇನ್ನೊಂದು ಮುಖದಲ್ಲಿ ಸರಿಯಾಗಿ ಅದೇ ಜಾಗದ ಹಿಂದೆ ಬರುವ ಅಕ್ಷರವೂ ಮೆತ್ತಗಿದ್ದರೆ ಒತ್ತಿನ ದೋಷದ ಅನುಮಾನ ಬಲವಾಗುತ್ತದೆ. ಎರಡು ಅಚ್ಚಿನ ನಡುವೆ ಒಂದೇ ಕಡೆ ಲೋಹ ಸಾಲದೆ ಬಂದಿದೆ. ಮೂರನೆಯದು ಬಯಲು. ಕೂದಲು ಸವೆಯುವಷ್ಟು ಓಡಾಡಿದ ನಾಣ್ಯದ ಖಾಲಿ ಬಯಲಿನಲ್ಲಿ ಮೂಲ ಹೊಳಪು ಉಳಿದಿರುವುದು ಸಾಧ್ಯವಿಲ್ಲ. ಬಯಲು ಇನ್ನೂ ಮಿರಿಮಿರಿ ಎನ್ನುತ್ತಿದ್ದು ಕೂದಲು ಮಾತ್ರ ಚಪ್ಪಟೆ ಇದ್ದರೆ ಅದು ಸವೆತವಲ್ಲ.

ಅಚ್ಚೇ ಹಳತಾಗಿ ಸವೆದಿದ್ದರೆ ಇನ್ನೊಂದು ರೂಪ. ಅಕ್ಷರಗಳ ಬುಡ ಅಂಚಿನ ಕಡೆಗೆ ಎಳೆದಂತೆ ಹಿಗ್ಗಿರುತ್ತದೆ, ಬಯಲು ಕಿತ್ತಳೆ ಸಿಪ್ಪೆಯಂತೆ ತರಿತರಿ. ಇಂಥ ನಾಣ್ಯ ಟಂಕಸಾಲೆಯಿಂದ ಹೊರಬಿದ್ದ ದಿನವೇ ಮಸುಕಾಗಿತ್ತು. ಇದಕ್ಕೆ ಫೋಟೋ ಮೇಲೆ ಖಚಿತ ಗ್ರೇಡ್ ಕೊಡಲು ನಾನು ಹಿಂಜರಿಯುತ್ತೇನೆ. "ಫೈನ್‌ನಿಂದ ವೆರಿ ಫೈನ್, ಒತ್ತು ದುರ್ಬಲ" ಎಂದು ಬರೆಯುವುದೇ ಪ್ರಾಮಾಣಿಕ.

ಲಕ್ಷಣ: ಬರಹ ಅಂಚಿನಲ್ಲಿ ಕತ್ತರಿಸಿಹೋಗಿದೆ, ನಾಣ್ಯ ಸರಿಯಾಗಿ ದುಂಡಗಿಲ್ಲ

ಯಂತ್ರದಲ್ಲಿ ಒತ್ತಿದ ಕಾಲಾಣೆಯಾದರೆ ಇದು ಹಾನಿ, ಅಥವಾ ಅಪರೂಪದ ಟಂಕಸಾಲೆ ತಪ್ಪು. ಮೈಸೂರಿನ ಹಳೆಯ ತಾಮ್ರವಾದರೆ ಮಾಮೂಲು.

ಟಿಪ್ಪುವಿನ ಆನೆ ಪೈಸೆಗಳನ್ನು ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಚಿತ್ರದುರ್ಗ ಮೊದಲಾದ ಕಡೆ ಕೈಯಿಂದ ಸುತ್ತಿಗೆ ಹೊಡೆದು ಟಂಕಿಸುತ್ತಿದ್ದರು. ಅಚ್ಚು ಬಿಲ್ಲೆಗಿಂತ ದೊಡ್ಡದು. ಆದ್ದರಿಂದ ಆನೆಯ ಸೊಂಡಿಲೋ ಬಾಲವೋ ಬಿಲ್ಲೆಯಿಂದ ಹೊರಗೆ ಬಿದ್ದುಹೋಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆಯ ಮೇಲೆ ಸೂರ್ಯಚಂದ್ರ ಇರುವ, "ಮಯಿಲಿ ಕಾಸು" ಎಂದು ಕನ್ನಡದಲ್ಲಿ ಬರೆದ ಕಾಸುಗಳಿಗೂ ಇದೇ ಮಾತು. ಇವುಗಳಲ್ಲಿ ಇಲ್ಲದ್ದನ್ನು ಎಣಿಸಿ ಗ್ರೇಡ್ ಇಳಿಸಬಾರದು. ಬಿಲ್ಲೆಯ ಮೇಲೆ ಬಿದ್ದದ್ದು ಎಷ್ಟು ಉಳಿದಿದೆ ಎಂದು ಮಾತ್ರ ನೋಡಬೇಕು. ಆನೆಯ ಕಣ್ಣು, ಕಿವಿಯ ಗೆರೆ, ಕಾಲುಗಳ ನಡುವಿನ ಅಂತರ. ಕನ್ನಡ ಅಕ್ಷರವಿದ್ದರೆ ನಮಗೆ ಅನುಕೂಲ. ಸವೆತ ಹೆಚ್ಚಾದಂತೆ "ಸ"ದಂಥ ಅಕ್ಷರದ ಒಳಸುಳಿ ಮೊದಲು ಮುಚ್ಚಿಕೊಳ್ಳುತ್ತದೆ, ತಲೆಕಟ್ಟು ಕೊನೆಯವರೆಗೂ ಉಳಿಯುತ್ತದೆ. ಅಂಚಿನ ಕತ್ತರಿಸಿದ ಭಾಗವನ್ನು ಗ್ರೇಡ್‌ನ ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ: "ಸೊಂಡಿಲ ತುದಿ ಬಿಲ್ಲೆಯ ಹೊರಗೆ".

ಲಕ್ಷಣ: ಹಸಿರು ಚುಕ್ಕೆ, ಹಸಿರು ಪುಡಿ, ಹಸಿರು ಅಂಟು

ಮೂರಕ್ಕೂ ನಮ್ಮ ಮನೆಗಳಲ್ಲಿ ಒಂದೇ ಮಾತು, ಕಿಲುಬು. ಆದರೆ ಮೂರೂ ಬೇರೆ ಬೇರೆ, ಒಂದು ಮಾತ್ರ ನಿಜವಾಗಿ ಅಪಾಯ.

ಗಾಢ ಹಸಿರು, ಗಟ್ಟಿಯಾಗಿ ಮೈಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿರುವ ಕಲೆ ಹಳೆಯ ಕಿಲುಬು. ಹೆಚ್ಚಾಗಿ ಅದು ಅಲ್ಲಿಗೇ ನಿಂತಿರುತ್ತದೆ. ಉಳಿಕೆ ಗ್ರೇಡ್ ಸ್ವಲ್ಪ ಇಳಿಸಿ ಮುಂದೆ ಹೋಗಿ.

ತಿಳಿಹಸಿರು, ಅಂಟಂಟು, ನಾಣ್ಯದ ಮೇಲೆಲ್ಲ ಸವರಿದಂತೆ ಇದ್ದರೆ ಅದು ಪ್ಲಾಸ್ಟಿಕ್ ಚೀಲದ ಕೊಡುಗೆ. ಮೆತ್ತಗಿನ ಪಿವಿಸಿ ಹಾಳೆ ವರ್ಷಗಟ್ಟಲೆ ನಾಣ್ಯಕ್ಕೆ ತಾಗಿಕೊಂಡಿದ್ದರೆ ಅದರಿಂದ ಬಿಡುವ ರಾಸಾಯನಿಕ ತಾಮ್ರವನ್ನು ತಿನ್ನುತ್ತದೆ. ಮೊದಲು ಆ ಚೀಲದಿಂದ ಹೊರಗೆ ತೆಗೆದು ಒಣ ಕಾಗದದ ಲಕೋಟೆಗೆ ಹಾಕಲು ಹೇಳಿ.

ಮಾಸಲು ಹಸಿರು ಪುಡಿ, ಬೆರಳಿಗೆ ಉದುರುವಂಥದು, ಕೆಳಗೆ ಸಣ್ಣ ಕುಳಿ. ಇದಕ್ಕೆ ಹೆದರಬೇಕು. ಉಪ್ಪಿನಂಶ ತಾಮ್ರದೊಳಗೆ ಸೇರಿ ಕ್ಲೋರೈಡ್ ಆಗಿ ಕೂತಿದೆ. ಗಾಳಿಯ ತೇವ ಸಿಕ್ಕರೆ ಅದು ಆಮ್ಲ ಹುಟ್ಟಿಸುತ್ತದೆ, ಆಮ್ಲ ಇನ್ನಷ್ಟು ತಾಮ್ರವನ್ನು ಕರಗಿಸುತ್ತದೆ. ಹೀಗೆ ತಾನೇ ತಾನಾಗಿ ಮುಂದುವರಿಯುತ್ತದೆ. ಕರಾವಳಿಯ ಮನೆಗಳಲ್ಲಿದ್ದ, ಮಣ್ಣಿನಲ್ಲಿ ಸಿಕ್ಕ ನಾಣ್ಯಗಳನ್ನು ಈ ದೃಷ್ಟಿಯಿಂದ ಎರಡು ಸಲ ನೋಡಿ. ಉಪ್ಪು ಹುಣಸೆ ಹಾಕಿ ಉಜ್ಜಿ ಸರಿಯಾಗಿ ತೊಳೆಯದೆ ಬಿಟ್ಟದ್ದೂ ಇದಕ್ಕೆ ದಾರಿ. ಫೋಟೋದಲ್ಲಿ ಪುಡಿಯೋ ಗಟ್ಟಿ ಕಲೆಯೋ ತಿಳಿಯದಿದ್ದರೆ ಎರಡು ವಾರ ಬಿಟ್ಟು ಅದೇ ಬೆಳಕಿನಲ್ಲಿ ಇನ್ನೊಂದು ಫೋಟೋ ತೆಗೆಸಿ. ಕಲೆ ಬೆಳೆದಿದ್ದರೆ ಗ್ರೇಡ್ ಮಾತು ಅಲ್ಲಿಗೆ ನಿಲ್ಲಿಸಿ. ನಾಣ್ಯವನ್ನು ಬೇರೆ ನಾಣ್ಯಗಳಿಂದ ದೂರವಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಣ ಡಬ್ಬಿಯಲ್ಲಿ ಮುಚ್ಚಿ, ಸಂರಕ್ಷಣೆ ಬಲ್ಲವರಿಗೆ ತೋರಿಸಬೇಕು.

ಎಚ್ಚರಿಕೆಗಳು. ಕಿಲುಬು ವಿಷ. ಇಂಥ ನಾಣ್ಯ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳ ಬಾಯಿಗೆ ಸಿಗದಂತೆ ಇಡಿ, ಪುಡಿಯನ್ನು ಊದಬೇಡಿ, ಕೆರೆಯಬೇಡಿ. ನಿಂಬೆ, ವಿನೆಗರ್, ಟೂತ್‌ಪೇಸ್ಟ್, ಪಾತ್ರೆ ಪುಡಿ ಯಾವುದೂ ಬೇಡ. ಅಸಿಟೋನ್‌ನಲ್ಲಿ ಅದ್ದಿದರೆ ಪ್ಲಾಸ್ಟಿಕ್ ಅಂಟು ಹೋಗುತ್ತದೆ ಎಂಬುದು ನಿಜ. ಆದರೆ ಅದು ಥಟ್ಟನೆ ಬೆಂಕಿ ಹತ್ತುವ ವಸ್ತು. ದೇವರ ದೀಪ, ಗ್ಯಾಸ್ ಒಲೆ ಇರುವ ಮನೆಯಲ್ಲಿ ಹೊಸಬರು ಕೈ ಹಾಕುವ ಕೆಲಸವಲ್ಲ. ನೈಟ್ರಿಕ್ ಆಮ್ಲ ಹಾಕಿ ತೊಳೆದುಕೊಡುತ್ತೇನೆ ಎನ್ನುವವರ ಕೈಗೆ ನಾಣ್ಯ ಕೊಡಲೇಬೇಡಿ.

ಲಕ್ಷಣ: ಇಡೀ ನಾಣ್ಯ ಕಪ್ಪು, ಚಿತ್ರವೇ ಕಾಣುತ್ತಿಲ್ಲ

ಹೆಚ್ಚಿನ ಸಲ ಇದು ಬೆಳಕಿನ ಕೊರತೆ. ಬಿಳಿ ಹಾಳೆಯ ಮೇಲೆ ಇಟ್ಟರೆ ಫೋನು ಹಾಳೆಗೆ ತಕ್ಕಂತೆ ಬೆಳಕು ಇಳಿಸಿ ನಾಣ್ಯವನ್ನು ಕಪ್ಪು ಮಾಡುತ್ತದೆ. ಪರದೆಯಲ್ಲಿ ನಾಣ್ಯದ ಮೇಲೆ ಬೆರಳಿಟ್ಟು ಬೆಳಕು ಏರಿಸಿ ಇನ್ನೊಂದು ತೆಗೆದರೆ ಸಾಕು. ಆಗಲೂ ಕಪ್ಪಾಗಿದ್ದು ಜಿಡ್ಡಿನ ಹೊಳಪಿದ್ದರೆ ದೀಪದ ಎಣ್ಣೆಯ ಪದರ. ಎಣ್ಣೆ ಸಣ್ಣ ಗೀರುಗಳನ್ನು ಮುಚ್ಚಿ ನಾಣ್ಯವನ್ನು ಚೆಂದ ಮಾಡಿ ತೋರಿಸುತ್ತದೆ, ಆದ್ದರಿಂದ ಉಳಿಕೆ ಗ್ರೇಡ್ ಹೇಳಬೇಡಿ.

ಲಕ್ಷಣ: ಒಂದು ಗೀರೂ ಇಲ್ಲ, ಅನುಮಾನ ಬರುವಷ್ಟು ಶುದ್ಧವಾಗಿದೆ

ನಾನು 1835ರ ಕಾಲಾಣೆಯಲ್ಲಿ ಬಿದ್ದ ಹೊಂಡ. ಮೂರು ಫೋಟೋ ಕೇಳಿ: ಬೆಳಕು ಎಡದಿಂದ, ಬಲದಿಂದ, ಮತ್ತು ನಾಣ್ಯದ ಮಟ್ಟಕ್ಕೇ ತಗ್ಗಿಸಿ ಓರೆಯಾಗಿ. ಟಾರ್ಚನ್ನು ಮೇಜಿನ ಮೇಲೆ ಮಲಗಿಸಿದರೆ ಓರೆ ಬೆಳಕು ಸಿಗುತ್ತದೆ. ಸಮಾನಾಂತರ ಗೆರೆಗಳು ಎದ್ದರೆ ಬ್ರಷ್. ಸುತ್ತುಸುತ್ತಾಗಿ ಎದ್ದರೆ ಬಟ್ಟೆಯಲ್ಲಿ ಪಾಲಿಷ್ ಮಾಡಿದ್ದು. ಎಲ್ಲ ದಿಕ್ಕಿಗೂ ಚೆದುರಿದ, ಉದ್ದಗಿಡ್ಡ ಗೀರುಗಳಾದರೆ ಚೀಲದಿಂದ ಚೀಲಕ್ಕೆ ಓಡಾಡಿದ ಸಹಜ ಗುರುತು. ಓರೆ ಬೆಳಕು ಗೀರನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ ಎಂಬುದೂ ನೆನಪಿರಲಿ. ಅದೊಂದೇ ಫೋಟೋ ಇಟ್ಟುಕೊಂಡು ಒಳ್ಳೆಯ ನಾಣ್ಯವನ್ನು ಹೀಗಳೆಯುವುದೂ ತಪ್ಪು.

ಲಕ್ಷಣ: ಎಲ್ಲ ಇದೆ, ಆದರೂ ನಾಣ್ಯ ಸರಿಯಿಲ್ಲ ಅನ್ನಿಸುತ್ತಿದೆ

ಈಗ ಕೈಯಲ್ಲಿ ನಾಣ್ಯ ಇರುವವರ ಸಹಾಯ ಬೇಕು. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ತಾಮ್ರದ ಕಾಲಾಣೆಯ ತೂಕ 100 ಗ್ರೇನ್, ಅಂದರೆ ಸುಮಾರು 6.48 ಗ್ರಾಂ. ಅಗಲ ಸುಮಾರು 25 ಮಿಲಿಮೀಟರ್. ಸವೆತದಿಂದ ಸ್ವಲ್ಪ ಕಡಿಮೆಯಾಗಬಹುದು, ಹೆಚ್ಚಾಗುವಂತಿಲ್ಲ. 1906ರಿಂದ ತಾಮ್ರದ ಬದಲು ಕಂಚು ಬಂದು ಕಾಲಾಣೆ 4.86 ಗ್ರಾಂಗೆ ಇಳಿಯಿತು. ಏಳನೇ ಎಡ್ವರ್ಡ್ ದೊರೆಯ ಕಾಲಾಣೆ ಹಗುರವಾಗಿದೆ ಎಂದು ನಕಲಿ ಎನ್ನುವ ಮುಂಚೆ ಇಸವಿ ನೋಡಿ. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆ, ಮಾತು ಮುಗಿಯಿತು.

ತೂಕ ಸರಿಯಿದ್ದರೆ ಹತ್ತು ಪಟ್ಟಿನ ಭೂತಗನ್ನಡಿಯ ಮೂಲಕ ಅಂಚಿನ ಫೋಟೋ ಕೇಳಿ. ಅಂಚಿನ ಸುತ್ತ ಉಜ್ಜಿ ಮರೆಮಾಡಿದ ಒಂದು ಸೀಳುಗೆರೆ, ಅಕ್ಷರಗಳ ಮೂಲೆ ದುಂಡಗೆ, ಬಯಲಿನ ತುಂಬ ಗುಳ್ಳೆಯೊಡೆದಂಥ ಸಣ್ಣ ಕುಳಿಗಳು. ಈ ಮೂರೂ ಇದ್ದರೆ ಅದು ಒತ್ತಿದ ನಾಣ್ಯವಲ್ಲ, ಎರಕ ಹೊಯ್ದ ನಕಲು.

ರಾಮ, ಸೀತೆ, ಲಕ್ಷ್ಮಣ, ಹನುಮಂತ ಒಂದು ಕಡೆ, ಈಸ್ಟ್ ಇಂಡಿಯಾ ಕಂಪನಿ 1818 ಎಂದು ಇನ್ನೊಂದು ಕಡೆ ಇರುವ ಬಿಲ್ಲೆಗಂತೂ ಗ್ರೇಡ್ ಹುಡುಕಬೇಡಿ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಅವು ಪೂಜೆಗೆಂದು ಆಮೇಲೆ ಮಾಡಿದ ಬಿಲ್ಲೆಗಳು. ಪೂಜೆಗೆ ಇಟ್ಟುಕೊಳ್ಳಿ, ಲಕ್ಷಗಟ್ಟಲೆ ಬೆಲೆ ಎಂದು ನಂಬಬೇಡಿ. ಅಕ್ಕಿಕಾಳನ್ನು ಸೆಳೆಯುತ್ತದೆ ಎಂದು ತಾಮ್ರದ ಬಿಲ್ಲೆ, ಚೊಂಬು ಮಾರುವ ರೈಸ್ ಪುಲ್ಲಿಂಗ್ ಮೋಸಕ್ಕೆ ನಮ್ಮ ರಾಜ್ಯದಲ್ಲೇ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ. ಅಂಥ ಮಾತು ಬಂದರೆ ಪೊಲೀಸರಿಗೆ ತಿಳಿಸಿ.

ಎಲ್ಲಿ ನಿಲ್ಲಿಸಬೇಕು

ಚಿತ್ರದ ಗ್ರೇಡ್ ಎಕ್ಸ್‌ಟ್ರೀಮ್ಲಿ ಫೈನ್ ದಾಟುತ್ತಿದೆ ಅನ್ನಿಸಿದರೆ ಫೋಟೋ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮೇಲಿನ ವ್ಯತ್ಯಾಸಗಳೆಲ್ಲ ಹೊಳಪಿನವು, ಕೈಯಲ್ಲಿ ಹಿಡಿದೇ ನೋಡಬೇಕು. ಬೆಂಗಳೂರಿನ ನಾಣ್ಯ ಪ್ರದರ್ಶನಗಳಿಗೆ ಹೋದರೆ ಹಳೆಯ ಸಂಗ್ರಾಹಕರು ಪ್ರೀತಿಯಿಂದ ನೋಡಿ ಹೇಳುತ್ತಾರೆ.

ಗ್ರೇಡ್ ಮಾಡಿಸಲು ವಿದೇಶಕ್ಕೆ ಕಳಿಸುವ ಯೋಚನೆ ಇದ್ದರೆ ತಡೆಯಿರಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕಿದ್ದಾದರೆ ನಿಧಿ ಕಾನೂನು ಬರುತ್ತದೆ. ತೊಳೆಯದೆ, ಹಂಚಿಕೊಳ್ಳದೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಯಾರಾದರೂ ರಿಸರ್ವ್ ಬ್ಯಾಂಕ್ ಹೆಸರು ಹೇಳಿದರೆ ಫೋನ್ ಇಡಿ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಮೊದಲು ಹೇಳಿದ ಆ ಅಜ್ಜಿಯ ಪೆಟ್ಟಿಗೆಯ ಕಾಲಾಣೆಗೆ, ಮೂಲ ಕಡತ, ಮೂರು ದಿಕ್ಕಿನ ಬೆಳಕು, ಒಂದು ವಿಡಿಯೊ, ತೂಕ ಎಲ್ಲ ತರಿಸಿಕೊಂಡ ಮೇಲೆ ನಾನು ಬರೆದು ಕಳಿಸಿದ ಉತ್ತರ ಇದು: "ವಿಕ್ಟೋರಿಯಾ ಕಾಲಾಣೆ, 1862, 6.41 ಗ್ರಾಂ. ಚಿತ್ರದ ಗ್ರೇಡ್ ವೆರಿ ಫೈನ್. ಉಡುಪಿನ ಕುಸುರಿ ಮುಕ್ಕಾಲು ಪಾಲು ಇದೆ. ಯಾವಾಗಲೋ ಹುಳಿ ಹಾಕಿ ತೊಳೆದಿದೆ, ಗೀರಿಲ್ಲ, ಮತ್ತೆ ಕಂದು ಕಟ್ಟುತ್ತಿದೆ. ಉಳಿಕೆ ಗ್ರೇಡ್ ಫೈನ್. ಇಸವಿಯ ಬಳಿ ಗಟ್ಟಿ ಕಿಲುಬಿನ ಒಂದು ಚುಕ್ಕೆ, ಎರಡು ವಾರ ಬಿಟ್ಟು ಅದರ ಫೋಟೋ ಇನ್ನೊಮ್ಮೆ ಕಳಿಸಿ. ಈ ದೀಪಾವಳಿಗೆ ತೊಳೆಯಬೇಡಿ, ಹಾಗೇ ಲಕ್ಷ್ಮಿಯ ಮುಂದೆ ಇಡಿ."